ಮೂರನೆಯ ರೀಡಿಂಗ್

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ದಶಾಂಶ ಮೇಷ್ಟ್ರು ತಮ್ಮ ಕಾರಿನ ಹಿಂಬಾಗಿಲಿಗೆ ಒಂದು ಪುಟ್ಟ ಫಲಕ ಅಂಟಿಸಿದರು. ಅದು ಜಾರಿ ಕೆಳಗೆ ಬಿತ್ತು.

ಫಲಕದ ಮೇಲೆ ‘ಒಳಗೆ ಮಗು ಇದೆ’ ಎಂದು ಬರೆದಿತ್ತು. ಬೆನ್ನಿಗೆ ಅಯಸ್ಕಾಂತವಿತ್ತು. ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದ ಹೆಂಡತಿ ಹಿಂದಿನ ದಿನವೇ ಕೊಟ್ಟು ಕಳಿಸಿದ್ದರು. ನಾಲ್ಕು ದಿನದ ಮೊಮ್ಮಗಳು ಅಂದು ಸಂಜೆ ನಾಲ್ಕಕ್ಕೆ ಡಿಸ್ಚಾರ್ಜ್ ಆಗಿ ಮನೆಗೆ ಬರಬೇಕಿತ್ತು. ಅದಕ್ಕೆಂದೇ ಮೇಷ್ಟ್ರು ಬುಧವಾರ ಈ ಸೆಕೆಂಡ್‌ಹ್ಯಾಂಡ್ ಕಾರನ್ನು ಕೊಂಡಿದ್ದರು.

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವರಿಗೆ ಇಪ್ಪತ್ತಾರು ವರ್ಷದ ಸೇವೆಯಾಗಿತ್ತು. ಮೊಮ್ಮಗಳ ತೂಕ ಕೇಳಿದವರಿಗೆ ‘ಮೂರು ಕೇಜಿ’ ಎನ್ನದೆ ‘ಎರಡು ಪಾಯಿಂಟ್ ಒಂಬತ್ತು ನಾಲ್ಕು’ ಎನ್ನುವವರು. ಮೊದಲಿನಿಂದಲೂ ಇದ್ದ ಈ ಅಭ್ಯಾಸಕ್ಕೇ ‘ದಶಾಂಶ ಮೇಷ್ಟ್ರು’ ಎಂಬ ಹೆಸರು ಬಂದಿತ್ತು. ಆದರೆ ಕಾರು ಕೊಳ್ಳುವ ದಿನ ಮಾತ್ರ ಅಜ್ಜನಾದ ಸಡಗರದಲ್ಲಿ ಏನನ್ನೂ ಅಳೆದಿರಲಿಲ್ಲ. ಬಣ್ಣ ಚೆನ್ನಾಗಿದೆ ಎಂದು ಕೊಂಡಿದ್ದರು.

ಮೇಷ್ಟ್ರು ಫಲಕ ಎತ್ತಿ ಮತ್ತೆ ಅಂಟಿಸಿದರು. ಮತ್ತೆ ಬಿತ್ತು. ಮುಂದಿನ ಬಾಗಿಲಿಗೆ ಇಟ್ಟರೆ ಜಿಗಣೆಯ ಹಾಗೆ ಕಚ್ಚಿಕೊಂಡಿತು. ಹಿಂದಕ್ಕೆ ಇಟ್ಟರೆ ಬೇಡವಾದ ನೆಂಟನ ಮನೆಯಿಂದ ಹೊರಟವರ ಹಾಗೆ ಜಾರಿ ಇಳಿಯಿತು.

ಪಕ್ಕದ ಮನೆಯ ಡ್ರೈವರ್ ಅಣ್ಣ ಹಲ್ಲುಜ್ಜುತ್ತಾ ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬಾಯಿ ಮುಕ್ಕಳಿಸಿ ಈಚೆ ಬಂದು, ಹಿಂಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಧಪ್ ಧಪ್ ಎಂದಿತು.

“ಮೇಷ್ಟ್ರೇ, ಇದು ತಗಡಲ್ಲ. ಗಾರೆ.”

“ಗಾರೆ ಅಂದ್ರೆ?”

“ಪುಟ್ಟಿ. ತಗ್ಗಿಗೆಲ್ಲ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದಾನೆ. ಈ ಗಾಡಿಗೆ ಹಿಂದಿನಿಂದ ಯಾರೋ ಬಂದು ಭಾರಿ ಪ್ರೀತಿಯಿಂದ ಅಪ್ಪಿಕೊಂಡಿದಾರೆ.”

ಮೇಷ್ಟ್ರು ತಾವೂ ಒಮ್ಮೆ ತಟ್ಟಿ ನೋಡಿದರು. ಒಳಗೆ ಹೋಗಿ ಸ್ಕೇಲು, ಟೇಪು, ರೆಕಾರ್ಡ್ ಪುಸ್ತಕ ತಂದರು. ಕ್ರಮಸಂಖ್ಯೆ, ಭಾಗ, ಅಳತೆ, ಷರಾ ಎಂದು ನಾಲ್ಕು ಅಂಕಣ ಗೆರೆ ಎಳೆದರು. ಡ್ರೈವರ್ ಅಣ್ಣ ಒಂದೊಂದಾಗಿ ತೋರಿಸುತ್ತಾ ಹೋದರು, ಮೇಷ್ಟ್ರು ಅಳೆದು ಬರೆಯುತ್ತಾ ಹೋದರು. ಹಿಂಬಾಗಿಲ ಸಂದು ಎಡಕ್ಕೆ ನಾಲ್ಕು ಮಿಲಿಮೀಟರ್, ಬಲಕ್ಕೆ ಒಂಬತ್ತು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ ಬಲಗಡೆಗಿಂತ ಎಡಗಡೆ ಇಪ್ಪತ್ತೊಂದು ಮಿಲಿಮೀಟರ್ ಕಡಿಮೆ. ಸ್ಟೆಪ್ನಿ ಇಡುವ ಗುಂಡಿಯ ತಳ ಮುದುರಿದ ಹಾಸಿಗೆಯಂತಿತ್ತು. ಅದರ ಸುತ್ತ ಹೊಸ ವೆಲ್ಡಿಂಗು. ಹಿಂದಿನ ಸೀಟಿನ ಬೆಲ್ಟನ್ನು ಜಗ್ಗಿದರೆ ಹಿಡಿದು ನಿಲ್ಲುವ ಬದಲು ಎಳೆದಷ್ಟೂ ಬಂತು. ಮೊಮ್ಮಗಳನ್ನು ಎತ್ತಿಕೊಂಡು ಮಗಳು ಕೂರಬೇಕಾದ ಜಾಗ ಅದು. ಮೇಷ್ಟ್ರು ಬೆಲ್ಟನ್ನು ಇನ್ನೂ ಎರಡು ಸಲ ಜಗ್ಗಿ ನೋಡಿ, ಅದನ್ನೂ ಬರೆದುಕೊಂಡರು.

ಒಂಬತ್ತೂಕಾಲಿಗೆ, ಹನ್ನೊಂದು ದೋಷ ಸೇರಿದ ಮೇಲೆ, ಕಾರು ಮಾರಿದ ವ್ಯಾಪಾರಿಗೆ ಫೋನು ಮಾಡಿದರು.

“ಗಾಡಿ ಜಾಸ್ತಿ ಹೊಡೆದಿಲ್ಲ ಅಂತ ನೀವೇ ತಾನೇ ಹೇಳಿದ್ದು?”

“ಹೌದು ಸಾರ್. ಜಾಸ್ತಿ ಎಲ್ಲಿ ಹೊಡೆದಿದೆ? ಒಂದೇ ಸಲ ಹೊಡೆದಿದ್ದು. ಅದೂ ಹಿಂದಿನಿಂದ.”

“ಹೊಡೆದಿಲ್ಲ ಅಂದ್ರೆ ಓಡಿಸಿದ್ದು ಕಮ್ಮಿ ಅಂತ ನಾನು ತಿಳ್ಕೊಂಡೆ.”

“ನೀವು ಹಾಗೆ ತಿಳ್ಕೊಂಡ್ರೆ ನಾನೇನು ಮಾಡ್ಲಿ ಸಾರ್? ನಾನು ಒಂದು ಅಕ್ಷರ ಸುಳ್ಳು ಹೇಳಿಲ್ಲ.”

ಡ್ರೈವರ್ ಅಣ್ಣ ಫೋನನ್ನು ಕಿತ್ತುಕೊಂಡರು. ಬಸ್ಸಿನಲ್ಲಿ ಮೂವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತುಗಳನ್ನು ಎರಡು ನಿಮಿಷದಲ್ಲಿ ಆಡಿದರು. ನಾಲ್ಕು ದಿನದ ಕೂಸಿನ ವಿಷಯ ಬಂದಾಗ ಆ ಕಡೆಯ ದನಿ ಮೆತ್ತಗಾಯಿತು.

“ಆಯ್ತಪ್ಪ, ನನಗೂ ಮಕ್ಕಳಿದಾವೆ. ಮಧ್ಯಾಹ್ನ ಮೂರರ ಒಳಗೆ ಗಾಡಿ ತಂದು ಬಿಡಿ. ನನ್ನ ಹತ್ರ ಇರೋದ್ರಲ್ಲಿ ನೀವು ನೋಡಿ ಒಪ್ಪಿದ್ದನ್ನ ತಗೊಂಡು ಹೋಗಿ. ಆದ್ರೆ ಒಂದು ಮಾತು. ನಾನು ಕೊಟ್ಟಾಗ ಹೇಗಿತ್ತೋ ಹಾಗೇ ಇರಬೇಕು.”

ಕೆಲಸ ಅಲ್ಲಿಗೆ ಮುಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ ನೇರ ಅಂಗಡಿಗೆ ಹೋಗುತ್ತಿದ್ದರು. ದಶಾಂಶ ಮೇಷ್ಟ್ರು ರೆಕಾರ್ಡ್ ಪುಸ್ತಕ ನೋಡಿದರು. ಹನ್ನೆರಡನೆಯ ಸಾಲು ಖಾಲಿ ಇತ್ತು. ಕ್ರಮಸಂಖ್ಯೆ ಹಾಕಿಬಿಟ್ಟಿದ್ದರು.

“ಏರ್ ಬ್ಯಾಗ್ ನೋಡಿಲ್ಲ,” ಎಂದರು.

“ಹಿಂದಿರುಗಿಸೋ ಗಾಡಿಗೆ ಅದ್ಯಾಕೆ ಮೇಷ್ಟ್ರೇ? ಕೆರೆದು ಹುಣ್ಣು ಮಾಡ್ಕೋಬೇಡಿ.”

“ಬೀಗದ ಕೈ ತಿರುಗಿಸಿದಾಗ ಅದರ ದೀಪ ಒಂದು ಸಲ ಹತ್ತಿ ಆರಬೇಕು. ಹತ್ತಲೇ ಇಲ್ಲ. ಬ್ಯಾಗನ್ನೇ ತೆಗೆದು ಒಳಗೆ ಬಟ್ಟೆ ತುರುಕಿದ್ರೆ? ನಾಳೆ ಅವನು ಈ ಗಾಡೀನ ಇನ್ನೊಬ್ಬರಿಗೆ ಮಾರ್ತಾನೆ. ಅವರ ಮನೇಲೂ ಮಗು ಇರುತ್ತೆ.”

ಡ್ರೈವರ್ ಅಣ್ಣ ಹೋಗಿ ಅಂಗಿ ಹಾಕಿಕೊಂಡು ಬಂದರು. ಇಬ್ಬರೂ ಕಾರನ್ನು ನಡಿಗೆಗಿಂತ ಚೂರೇ ಜೋರಾಗಿ ಓಡಿಸಿಕೊಂಡು ಕಾಲೇಜಿಗೆ ಹೋದರು. ಹಿಂದೆ ಬಂದವರೆಲ್ಲ ಹಾರ್ನ್ ಮಾಡಿದರು. ಸೈಕಲ್ಲಿನವನೊಬ್ಬ ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ಮರುಕದಿಂದ ತಲೆ ಅಲ್ಲಾಡಿಸಿದ.

ದಶಾಂಶ ಮೇಷ್ಟ್ರು ತಮ್ಮ ತರಗತಿಗಳನ್ನು ಮುಗಿಸಿ ಒಂದೂವರೆಗೆ ಕಾಲೇಜಿನ ಹಿಂದಿನ ಶೆಡ್ಡಿಗೆ ಬಂದಾಗ ರಸಾಯನಶಾಸ್ತ್ರದ ಮೇಷ್ಟ್ರು ಅಲ್ಲಿ ಕಾದಿದ್ದರು. ಕರೆಯದಿದ್ದರೂ ಬಂದಿದ್ದರು. ಯಾವ ಪ್ರಯೋಗವೇ ಆಗಲಿ, ಅವರಿಗೆ ವಾಸನೆ ಹತ್ತುತ್ತಿತ್ತು.

“ಬಿಚ್ಚಿ ನೋಡಿದ್ರೆ ಸೀಲ್ ಹೋಗುತ್ತೆ,” ಎಂದರು ಅವರು. “ಆಗ ಅವನು ಕೊಟ್ಟ ಹಾಗಿಲ್ಲ ಅಂತಾನೆ. ಮುಟ್ಟದೇನೇ ಗೊತ್ತಾಗಬೇಕು.”

“ಪ್ರತಿರೋಧ ಅಳೆಯೋಣ,” ಎಂದರು ದಶಾಂಶ ಮೇಷ್ಟ್ರು. “ಸ್ಟಿಯರಿಂಗ್ ಕೆಳಗೆ ಹಳದಿ ಪ್ಲಗ್ ಇದೆ. ಒಳಗೆ ಬ್ಯಾಗ್ ಇದ್ರೆ ತಂತಿ ಇರುತ್ತೆ, ತಂತಿ ಇದ್ರೆ ಪ್ರತಿರೋಧ ಬರುತ್ತೆ. ಬಟ್ಟೆ ಇದ್ರೆ ಬರಲ್ಲ.”

ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಪ್ರಯೋಗಾಲಯದಿಂದ ಬ್ಯಾಟರಿ, ಅಮ್ಮೀಟರ್, ವೋಲ್ಟ್‌ಮೀಟರ್, ಕರೆಂಟನ್ನು ಏರಿಸಿ ಇಳಿಸುವ ರಿಯೋಸ್ಟಾಟ್ ಬಂದವು. ಮೇಷ್ಟ್ರು ಕಾರಿನ ಬಾಗಿಲು ತೆರೆದು, ಪೆಡಲುಗಳ ಬಳಿ ತಲೆ ಇಟ್ಟು, ಕಾಲು ಹೊರಗೆ ಚಾಚಿ ಮಲಗಿದರು. ರಸಾಯನದವರು ಪಕ್ಕದ ಸೀಟಿನಲ್ಲಿ ಮೀಟರುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಡ್ರೈವರ್ ಅಣ್ಣ ಪುಸ್ತಕ, ಪೆನ್ನು ಹಿಡಿದು ಹೊರಗೆ ನಿಂತರು.

“ಪಾಯಿಂಟ್ ಎರಡು ಆಂಪಿಯರ್,” ಎಂದರು ರಸಾಯನದವರು. “ಪಾಯಿಂಟ್ ನಾಲ್ಕು ಎರಡು ವೋಲ್ಟ್.”

“ಭಾಗಿಸಿದರೆ ಎರಡು ಪಾಯಿಂಟ್ ಒಂದು ಓಮ್. ಬ್ಯಾಗ್ ಇದೆ.”

“ಇದೆ ತಾನೇ? ಏಳಿ ಮತ್ತೆ,” ಎಂದರು ಡ್ರೈವರ್ ಅಣ್ಣ. “ಆಗ್ಲೇ ಗಂಟೆ ಎರಡಾಯ್ತು.”

ಕಾರಿನೊಳಗಿದ್ದ ಇಬ್ಬರೂ ಅವರನ್ನು ನೋಡಿದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನನ್ನು ನೋಡುವ ಹಾಗಿತ್ತು ಆ ನೋಟ.

“ಒಂದು ರೀಡಿಂಗ್ ಅಂದ್ರೆ ರೀಡಿಂಗೇ ಅಲ್ಲ ಅಣ್ಣ,” ಎಂದು ದಶಾಂಶ ಮೇಷ್ಟ್ರು ಪೆಡಲುಗಳ ನಡುವಿನಿಂದ ತಾಳ್ಮೆಯಾಗಿ ಹೇಳಿದರು. “ಮೂರು ತಗೋಬೇಕು. ಪ್ರತಿ ಸಲ ಕರೆಂಟು ಏರಿಸಬೇಕು. ಆಮೇಲೆ ಸರಾಸರಿ.” ಇಪ್ಪತ್ತಾರು ವರ್ಷದಲ್ಲಿ ಒಂದೇ ರೀಡಿಂಗಿನ ರೆಕಾರ್ಡಿಗೆ ಅವರು ಸಹಿ ಹಾಕಿದ್ದೇ ಇಲ್ಲ.

ಎರಡನೆಯದು ಪಾಯಿಂಟ್ ಮೂರು ಆಂಪಿಯರಿಗೆ. ಅದೂ ಎರಡು ಪಾಯಿಂಟ್ ಒಂದು. ರಸಾಯನದವರು ಸಂತೋಷದಿಂದ ತಲೆದೂಗಿದರು.

ಮೂರನೆಯದಕ್ಕೆ ಮೇಷ್ಟ್ರು ರಿಯೋಸ್ಟಾಟನ್ನು ಸ್ವಲ್ಪ ಉದಾರವಾಗಿ ಸರಿಸಿದರು. ಅಮ್ಮೀಟರಿನ ಮುಳ್ಳು ಒಂದು ಆಂಪಿಯರ್ ದಾಟಿತು.

ಶೆಡ್ಡಿನ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಎರಡನೆಯ ಮಹಡಿಯಲ್ಲಿ ಪಾಠ ಮಾಡುತ್ತಿದ್ದವರು ವಾಕ್ಯದ ನಡುವೆ ನಿಲ್ಲಿಸಿದರು. ಬಿಳಿ ಪುಡಿಯ ಮೋಡ ನಿಧಾನವಾಗಿ ಇಳಿದಾಗ ಸ್ಟಿಯರಿಂಗಿನ ನಡುವಿನಿಂದ ದೊಡ್ಡದೊಂದು ಚೀಲ ಜೋಲುತ್ತಿತ್ತು. ಡಿಕ್ಕಿಯಾದಾಗ ಏರ್ ಬ್ಯಾಗನ್ನು ಸಿಡಿಸುವಷ್ಟು ಕರೆಂಟು ಅದರ ತಂತಿಗೆ ಹೋಗಿತ್ತು. ರಸಾಯನದವರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ, ಕಣ್ಣು ಮಾತ್ರ ತೆರೆದು ಕೂತಿದ್ದರು. ತಲೆ ಕೆಳಗಿದ್ದ ಪುಣ್ಯಕ್ಕೆ ದಶಾಂಶ ಮೇಷ್ಟ್ರಿಗೆ ಕಿವಿಯ ಗುಂಯ್‌ಗಾಟ ಬಿಟ್ಟರೆ ಬೇರೇನೂ ಆಗಿರಲಿಲ್ಲ.

“ಏನಾಯ್ತು?” ಎಂದು ಕೇಳಿದರು.

“ಮೂರನೇದು ಬಂತು,” ಎಂದರು ಡ್ರೈವರ್ ಅಣ್ಣ.

ಮೂರಕ್ಕೆ ಐದು ನಿಮಿಷವಿರುವಾಗ ಕಾರು ವ್ಯಾಪಾರಿಯ ಅಂಗಡಿ ತಲುಪಿತು. ಅವನು ಬಾಗಿಲು ತೆರೆದು, ಚೀಲ ನೋಡಿ, ಸ್ಟೂಲು ಎಳೆದುಕೊಂಡು ಕೂತ. ಮೇಷ್ಟ್ರು ರೆಕಾರ್ಡ್ ಪುಸ್ತಕ ಕೊಟ್ಟರು. ಅವನು ಹನ್ನೊಂದು ಸಾಲನ್ನೂ ಬೆರಳಿಟ್ಟು ಓದಿದ.

“ಎಲ್ಲ ಒಪ್ಕೋತೀನಿ ಸಾರ್. ಇದು ಗಾಡಿಯಲ್ಲ, ಪುಟ್ಟಿಯ ಗೊಂಬೆ. ಆದ್ರೆ ಹಿಂದೆ ಹೊಡೆದ ಗಾಡಿ ಇದು. ಮುಂದಿನ ಬ್ಯಾಗಿಗೆ ಏನೂ ಆಗಿರಲಿಲ್ಲ.”

“ದೀಪ ಹತ್ತಲಿಲ್ವಲ್ಲ.”

ವ್ಯಾಪಾರಿ ಡ್ಯಾಶ್‌ಬೋರ್ಡಿನ ಗಾಜು ಕಳಚಿ, ಒಳಗಿನಿಂದ ಕಪ್ಪು ಟೇಪಿನ ಚೂರು ಕಿತ್ತು ತೋರಿಸಿದ. “ಬ್ರೇಕ್ ಸರಿಯಿಲ್ಲ ಅನ್ನೋ ದೀಪ ಮುಚ್ಚೋಕೆ ಅಂಟಿಸಿದ್ದು. ಚೂರು ಉದ್ದ ಆಗಿ ಪಕ್ಕದ್ದಕ್ಕೂ ತಾಗಿದೆ.” ಟೇಪನ್ನು ಬೆರಳಲ್ಲಿ ಉಂಡೆ ಮಾಡುತ್ತಾ ಮೆಲ್ಲಗೆ ಹೇಳಿದ, “ಈ ಗಾಡೀಲಿ ಸಾಚಾ ಅಂತ ಇದ್ದದ್ದು ಆ ಬ್ಯಾಗೊಂದೇ ಸಾರ್. ಅದನ್ನೂ ನೀವೇ ಮುಗಿಸಿದ್ರಿ. ಕೊಟ್ಟ ಹಾಗೆ ಇಲ್ವಲ್ಲ, ನಾನು ಹೇಗೆ ವಾಪಸ್ ತಗೊಳ್ಳಲಿ?”

ಡ್ರೈವರ್ ಅಣ್ಣ ಟೇಪಿನ ಉಂಡೆಯನ್ನು ಕೈಗೆ ತೆಗೆದುಕೊಂಡು ನೋಡಿದರು.

ಫೋನು ಬಂತು. ಹೆಂಡತಿ.

“ರೀ, ಹೊರಟ್ರಾ? ಇಲ್ಲಿ ಎಲ್ಲ ಸಹಿ ಆಯ್ತು. ಗಾಡಿ ಸರಿಯಾಗಿದೆ ತಾನೇ?”

ಮೇಷ್ಟ್ರು ಎಂದೂ ಸುಳ್ಳು ಹೇಳಿದವರಲ್ಲ. ಎಲ್ಲವನ್ನೂ ಕ್ರಮಸಂಖ್ಯೆ ಸಹಿತ ಹೇಳಿದರು. ಆ ಕಡೆಯಿಂದ ಮೊಮ್ಮಗಳು ಆಕಳಿಸಿದ ಸಣ್ಣ ಸದ್ದು ಕೇಳಿಸಿತು.

“ನಾವು ಟ್ಯಾಕ್ಸಿ ಮಾಡ್ಕೊಂಡು ಬರ್ತೀವಿ,” ಎಂದರು ಹೆಂಡತಿ. “ನೀವು ಮಾತ್ರ ಆ ಟ್ಯಾಕ್ಸಿ ಹತ್ರ ಬರಬೇಡಿ. ಅಷ್ಟು ಉಪಕಾರ ಮಾಡಿ.”

ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು. ಪುಸ್ತಕ ತೆರೆದು, ಪೆನ್ನಿನ ಮೇಲಿನ ಬಿಳಿ ಪುಡಿ ಒರೆಸಿ, ಖಾಲಿ ಉಳಿದಿದ್ದ ಸಾಲನ್ನು ದುಂಡಗಿನ ಅಕ್ಷರದಲ್ಲಿ ತುಂಬಿದರು. ಹನ್ನೆರಡು: ಏರ್ ಬ್ಯಾಗ್. ದೋಷವಿರಲಿಲ್ಲ. ಎರಡು ರೀಡಿಂಗುಗಳ ಸರಾಸರಿ, 2.1 ಓಮ್.