ಮಾವನ ಎಡಗಣ್ಣು

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದರೆ ನನಗೇ ಮುಜುಗರ. ಪಕ್ಕದ ಮನೆಯವರು ಕಾರು ಕೊಂಡಾಗ ನನಗೇನೂ ಅನ್ನಿಸಲಿಲ್ಲ, ಹೇಗಿದ್ದರೂ ನನಗೆ ಕಾರು ಓಡಿಸಲು ಬರುವುದಿಲ್ಲ. ಜೊತೆಯ ಮಾಸ್ತರರಿಗೆ ಬಡ್ತಿ ಸಿಕ್ಕಾಗ ಎರಡು ಪೇಢೆ ಕೇಳಿ ತಿಂದೆ. ಆದರೆ ಕ್ರಿಕೆಟ್ಟಿನ ವಿಷಯದಲ್ಲಿ, ನಾನು ಬದುಕಿರುವಾಗಲೇ ಯಾರಾದರೂ ಇನ್ನೊಬ್ಬನ ಅಭಿಪ್ರಾಯ ಕೇಳಿದರೆ ಸಾಕು, ಹೊಟ್ಟೆಯೊಳಗೆ ಯಾರೋ ಸ್ಟೋವ್ ಹಚ್ಚಿದಂತಾಗುತ್ತದೆ.

ನಾನಿರುವುದು ಬಸವಕಲ್ಯಾಣದಲ್ಲಿ. ದಿನಾ ಪಕ್ಕದೂರು ರಾಜೇಶ್ವರಕ್ಕೆ ಹೋಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬೆಂಗಳೂರು ತಂಡದ ಅಭಿಮಾನಿ. ಈ ಮೂರರಲ್ಲಿ ಕೊನೆಯದಕ್ಕೆ ನಮ್ಮ ಕಡೆ ಸ್ವಲ್ಪ ಸಮಜಾಯಿಷಿ ಕೊಡಬೇಕಾಗುತ್ತದೆ. ಬೆಂಗಳೂರು ನೋಡಬೇಕಾದರೆ ನಾವು ಇಡೀ ರಾತ್ರಿ ರೈಲಿನಲ್ಲಿ ಹೊರಳಾಡಬೇಕು. ಹೈದರಾಬಾದಿಗಾದರೆ ನಸುಕಿನ ಬಸ್ಸು ಹತ್ತಿ, ಕೆಲಸ ಮುಗಿಸಿ, ಕತ್ತಲಾಗುವುದರೊಳಗೆ ಮನೆಗೆ ಬಂದು ಕೈಕಾಲು ತೊಳೆಯಬಹುದು. ನಮ್ಮ ಮದುವೆ ಸೀರೆಗಳು, ಕನ್ನಡಕಗಳು, ದೊಡ್ಡ ಡಾಕ್ಟರುಗಳು ಎಲ್ಲ ಅಲ್ಲಿಯವೇ. ಹಾಗಿದ್ದೂ ನಾನು ಬೆಂಗಳೂರಿನ ಕಡೆ. ಆ ತಂಡದ ಬ್ಯಾಟಿಂಗ್ ಮದುವೆ ಮನೆಯ ಹಾಗೆ, ಬೌಲಿಂಗ್ ಮದುವೆಯ ಮರುದಿನದ ಮನೆಯ ಹಾಗೆ ಎಂಬುದು ನನ್ನ ಅಭಿಪ್ರಾಯ. ಹೈದರಾಬಾದ್ ತಂಡದ ಬಗ್ಗೆ ಕೇಳಿದರೆ, ಅವರು ಬಸ್ಸು ಬಿಟ್ಟುಹೋಗುತ್ತದೆ ಎಂಬಂತೆ ಮೊದಲ ಚೆಂಡಿನಿಂದಲೇ ಬೀಸುತ್ತಾರೆ, ಬಸ್ಸು ನಿಜಕ್ಕೂ ಬರುವ ಹೊತ್ತಿಗೆ ಎಲ್ಲರೂ ಔಟಾಗಿ ಕೂತಿರುತ್ತಾರೆ.

ಇಂಥ ಅಭಿಪ್ರಾಯಗಳು ನನ್ನಲ್ಲಿ ಬೇಕಾದಷ್ಟಿವೆ. ಕೇಳುವವರದೇ ಕೊರತೆ. ಶಾಲೆಯಲ್ಲಿ ಬಾಯಿ ತೆರೆದರೆ ಎಲ್ಲರಿಗೂ ಏಕಕಾಲಕ್ಕೆ ಉತ್ತರಪತ್ರಿಕೆ ತಿದ್ದುವುದು ನೆನಪಾಗುತ್ತದೆ. ಹೆಂಡತಿ ಮಹಾದೇವಿಯಂತೂ, "ನನಗ್ಯಾಕ ಹೇಳ್ತೀರಿ? ಟೀವಿ ಮುಂದ ಕುಂತು ಅವರಿಗೇ ಹೇಳ್ರಿ, ಕೇಳ್ಸಿದ್ರ ಕೇಳ್ಸಲಿ," ಎಂದುಬಿಡುತ್ತಾಳೆ. ಇಡೀ ಜಿಲ್ಲೆಯಲ್ಲಿ ನನ್ನ ಮಾತಿಗೆ ಕಿವಿಗೊಡುತ್ತಿದ್ದವರು ಒಬ್ಬರೇ, ಹುಡಗಿ ಎಂಬ ಊರಿನಲ್ಲಿರುವ ನನ್ನ ಮಾವ, ಅವಳ ಅಪ್ಪ. ಪಂದ್ಯದ ಮರುದಿನ ಮುಂಜಾನೆ ನಾನು ಚಹಾದ ಕಪ್ಪು ಎತ್ತುವುದಕ್ಕೂ ಅವರ ಫೋನು ಬರುವುದಕ್ಕೂ ಸರಿಹೋಗುತ್ತಿತ್ತು. "ಅಳಿಯಾಂದ್ರ, ನಿನ್ನಿ ಹ್ಯಾಂಗ ಆತ್ರಿ?" ಎಂದು ಶುರುಮಾಡುತ್ತಿದ್ದರು. ಅವರೂ ಟೀವಿ ಮುಂದೆ ಕೂತಿರುತ್ತಿದ್ದರು ಎಂದು ನನಗೆ ಗೊತ್ತಿತ್ತು. ಆದರೂ "ಕಡೀಕ ಬಂದವ ಹ್ಯಾಂಗ ಔಟ್ ಆದ? ಆ ಕ್ಯಾಚ್ ಯಾರು ಹಿಡದ್ರು?" ಎಂದು ಒಂದೊಂದಾಗಿ ಕೇಳುತ್ತಿದ್ದರು. ತಾನೇ ನೋಡಿದ್ದನ್ನೂ ನನ್ನ ಬಾಯಿಂದ ಕೇಳಬಯಸುವ ಆ ಹಿರಿಯ ಜೀವದ ಬಗ್ಗೆ ನನಗೆ ಗೌರವ ಉಕ್ಕುತ್ತಿತ್ತು. ನನ್ನ ಬಗ್ಗೆಯೂ ಸ್ವಲ್ಪ ಉಕ್ಕುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದವನು ಹುಮನಾಬಾದಿನ ಶಿವರಾಜ, ನನ್ನ ಷಡ್ಡಕ. ಮಹಾದೇವಿಯ ತಂಗಿಯ ಗಂಡ. ನೀರೆತ್ತುವ ಮೋಟರುಗಳ ರಿಪೇರಿ ಅಂಗಡಿ ಇದೆ. ಹೈದರಾಬಾದ್ ತಂಡದ ಅಭಿಮಾನಿ. ಹುಮನಾಬಾದಿನಿಂದ ಹುಡಗಿಗೆ ಬೈಕು ಹತ್ತಿ ಇಳಿದರಾಯಿತು, ಹಾಗಾಗಿ ಮಾವನ ಮನೆಯಲ್ಲಿ ಬಲ್ಬು ಹಾರಿದರೂ ಅವನೇ ಹಾಜರು. ಈ ವರ್ಷ ಪರೀಕ್ಷೆಯ ಗಲಾಟೆಯಲ್ಲಿ ನನಗೆ ರಜೆ ಸಿಗದ ಹೊತ್ತು ನೋಡಿ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಪತ್ತೆಯಾಯಿತು. ಶಿವರಾಜ ಅವರನ್ನು ಹೈದರಾಬಾದಿಗೆ ಕರೆದೊಯ್ದು ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದ. ಪಂದ್ಯಗಳು ಶುರುವಾದವು. ಬೆಂಗಳೂರು ಗೆದ್ದಿತು, ಸೋತಿತು, ಮತ್ತೆ ಗೆದ್ದಿತು. ನನ್ನ ಚಹಾ ಆರುತ್ತಿತ್ತು, ಫೋನು ಮಾತ್ರ ಬರಲಿಲ್ಲ.

ನಾನೇ ಮಾಡಿದೆ. ಕಣ್ಣಿನ ಯೋಗಕ್ಷೇಮ ವಿಚಾರಿಸಿ ಮೆಲ್ಲಗೆ ಕ್ರಿಕೆಟ್ಟಿಗೆ ಬಂದೆ.

"ಎರಡನೇದ್ದು ಆಗೂತನ ಟೀವಿ ಬಂದ್ ಅಂದಾರ್ರಿ. ದಿನಾ ಮುಂಜಾನೆ ಶಿವರಾಜಪ್ಪಗ ಫೋನ್ ಹಚ್ಚಿ ಕೇಳ್ತೇನಿ. ಭಾಳ ಚಂದ ಹೇಳ್ತಾರ," ಎಂದರು ಮಾವ.

"ಅವ ಹೈದ್ರಾಬಾದ್ ಕಡಿಯವ ಅದಾನಲ್ರಿ ಮಾವಾರ. ನಾವು ಬೆಂಗಳೂರಿನವ್ರು."

"ಈಗ ನಾನೂ ಹೈದ್ರಾಬಾದೇ ರೀ. ಸುಳ್ಳು ಯಾಕ ಹೇಳಲಿ, ಯಾವ ಕಣ್ಣಿಲೆ ನೋಡಾಕತ್ತೇನಿ ಆ ಕಣ್ಣು ಹೈದ್ರಾಬಾದದಾಗ ಆಗ್ಯಾದ. ಬೆಂಗಳೂರು ನಾ ನೋಡೇ ಇಲ್ಲ."

ಗಣಿತದ ಮಾಸ್ತರನಾದ ನನಗೂ ಈ ಲೆಕ್ಕದಲ್ಲಿ ತಪ್ಪು ಹುಡುಕಲಾಗಲಿಲ್ಲ. ಸ್ಲಿಪ್ ಎಲ್ಲಿದೆ, ಪಾಯಿಂಟ್ ಎಲ್ಲಿದೆ ಎಂದು ತಿಳಿಯದ ಶಿವರಾಜ ನನ್ನ ಮಾವನಿಗೆ ಕ್ರಿಕೆಟ್ ವಿವರಿಸುತ್ತಿದ್ದಾನೆ ಎಂಬ ಚಿತ್ರ ದಿನವೆಲ್ಲ ಕಣ್ಣಿಂದ ಹೋಗಲೊಲ್ಲದು. ಸಂಜೆಯ ಹೊತ್ತಿಗೆ ಹೊಳೆಯಿತು: ಎಡಗಣ್ಣು ಇನ್ನೂ ಬಾಕಿ ಇದೆ.

ಬೇಸಿಗೆ ರಜೆ ಸಿಕ್ಕ ಮರುದಿನವೇ ಮಹಾದೇವಿಯನ್ನು ಕರೆದುಕೊಂಡು ಹುಡಗಿಗೆ ಹೋಗಿ, ಎಡಗಣ್ಣಿನ ಜವಾಬ್ದಾರಿ ನನ್ನದು ಎಂದು ಸಾರಿದೆ. ಶಿವರಾಜನೂ ಅಲ್ಲೇ ಇದ್ದ. "ಒಂದು ನಾ ಮಾಡ್ಸೇನಿ, ಇನ್ನೊಂದೂ ಅಲ್ಲೇ ಆಗ್ಲಿ ತಗೋರಿ ಮಾಸ್ತರ್ರ. ಜೋಡಿ ಮೋಟರ್ ಇದ್ರ ಎರಡೂ ಒಂದೇ ಕಡೆ ರಿಪೇರಿ ಮಾಡ್ಸಬೇಕ್ರಿ," ಎಂದ. ನಾನು ಬೆಂಗಳೂರಿನ ಹೆಸರೆತ್ತಿದೆ. ಮಹಾದೇವಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಒಂದು ಕಣ್ಣಿನ ಸಲುವಾಗಿ ನಮ್ಮಪ್ಪಗ ಅಷ್ಟು ದೂರ ಒಯ್ತೀರೇನ್ರಿ? ನಿಮ್ಮ ತಲಿ ಮೊದಲ ತೋರಿಸ್ಕೊರ್ರಿ," ಎಂದಳು. ಕೊನೆಗೆ ಬಸವಕಲ್ಯಾಣದಲ್ಲೇ ನಡೆಯುವ ನೇತ್ರ ಶಿಬಿರ ಎಂದು ತೀರ್ಮಾನವಾಯಿತು. ಬೆಂಗಳೂರು ಅಲ್ಲದಿದ್ದರೂ ಹೈದರಾಬಾದಂತೂ ಅಲ್ಲವಲ್ಲ ಎಂದು ನಾನು ಸಮಾಧಾನಪಟ್ಟೆ.

ಆಪರೇಷನ್ ಮುಗಿದ ಮೇಲೆ ಮಾವ ನಮ್ಮ ಮನೆಯಲ್ಲೇ ಉಳಿದರು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಹನಿ ಹಾಕಿದ ಮೇಲೆ ಅವರು ಕಣ್ಣು ಮುಚ್ಚಿ ಅಂಗಾತ ಮಲಗಬೇಕು, ಎದ್ದು ಹೋಗುವ ಹಾಗಿಲ್ಲ. ಅಭಿಪ್ರಾಯವಿರುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಶ್ರೋತೃ ಎಲ್ಲಿ ಸಿಗಬೇಕು? ಬೆಂಗಳೂರಿನ ಆರಂಭಿಕ ಜೋಡಿಯಿಂದ ಹಿಡಿದು ಕೊನೆಯ ಓವರಿನ ದುರಂತಗಳವರೆಗೆ ಎಲ್ಲವನ್ನೂ ಹನಿಹನಿಯಾಗಿ ಬಿಟ್ಟೆ. ಮಾವ "ಹೂಂ ರೀ" ಎನ್ನುತ್ತಿದ್ದರು. ಹಿಂದಿನ ಪ್ರೀತಿ ಮರಳಿ ಬಂದಿದೆ ಎಂದೇ ನಾನು ನಂಬಿದೆ. ಡಾಕ್ಟರು ಇನ್ನು ಟೀವಿ ನೋಡಬಹುದು ಎಂದು ಹೇಳಿದ ದಿನ ಅವರನ್ನು ಹುಡಗಿಗೆ ಬಿಟ್ಟು ಬಂದೆ. ಮರುದಿನ ಸಂಜೆಯೇ ಬೆಂಗಳೂರಿಗೂ ಹೈದರಾಬಾದಿಗೂ ಪಂದ್ಯವಿತ್ತು.

ಪಂದ್ಯ ಯಾರು ಗೆದ್ದರು ಎಂಬುದು ಇಲ್ಲಿ ಮುಖ್ಯವಲ್ಲ. ಮುಂಜಾನೆ ಚಹಾ ಹಿಡಿದು ಕೂತೆ. ಫೋನು ಬರಲಿಲ್ಲ. ಎರಡನೇ ಕಪ್ಪೂ ಆರಿದ ಮೇಲೆ ತಡೆಯಲಾರದೆ ನಾನೇ ಮಾಡಿದೆ.

"ಮಾವಾರ, ನಿನ್ನಿ ಮ್ಯಾಚ್ ನೋಡಿದ್ರೇನ್ರಿ?"

"ನೋಡಿದೆ ರೀ. ಎರಡೂ ಕಣ್ಣಿಲೆ ನೋಡಿದೆ. ಏನ್ ಸಾಫ್ ಕಾಣ್ತದ ಅಂತೀರಿ."

"ಮತ್ತ ಫೋನ್ ಮಾಡಲಿಲ್ಲ?"

"ಈಗ ಯಾಕ್ರಿ? ಮೊದಲ ಟೀವಿಯಾಗ ಬರೇ ಹಸರು ಕಾಣ್ತಿತ್ತು, ಅದರಾಗ ಮಬ್ಬಮಬ್ಬ ಏನೋ ಓಡ್ಯಾಡ್ತಿತ್ತು. ಯಾರು ಹೊಡದ್ರು, ಯಾರು ಹಿಡದ್ರು, ತಿಳೀತಿದ್ದಿಲ್ಲ. ಅದಕ್ಕ ನಿಮಗ ಕೇಳ್ತಿದ್ದೆ. ಈಗ ನನಗೇ ಕಾಣ್ತದ, ನಿಮಗ್ಯಾಕ ತ್ರಾಸು?" ಅವರು ಮುಂದುವರಿಸಿದರು, "ಅಂದಂಗ, ಆ ಬೌಲರ್ ಎಡಗೈಯವ ಅಂತ ಹನಿ ಹಾಕುವಾಗ ಹೇಳಿದ್ರಲ್ಲ, ಅವ ಬಲಗೈಯವ ಇದ್ದಾನ್ರಿ. ಬರೋಬ್ಬರಿ ನೋಡೇನಿ. ನೀವೂ ಒಮ್ಮಿ ಕಣ್ಣು ತೋರಿಸ್ಕೊರ್ರಿ."

ಅಷ್ಟು ವರ್ಷ ನನ್ನ ಅಭಿಪ್ರಾಯಕ್ಕೆ ಸಿಕ್ಕಿದ್ದ ಮರ್ಯಾದೆ ಅವರ ಕಣ್ಣಿನ ಪೊರೆಯದ್ದಾಗಿತ್ತು. ಆ ಪೊರೆಯನ್ನು ಅರ್ಧ ಶಿವರಾಜ ತೆಗೆಸಿದ್ದ. ಉಳಿದರ್ಧವನ್ನು ಜಗಳವಾಡಿ ನಾನೇ ತೆಗೆಸಿದ್ದೆ. ಫೋನನ್ನು ಕೈಯಲ್ಲಿ ಹಿಡಿದು ಕೂತಿರುವಾಗಲೇ ಅದು ರಿಂಗಣಿಸಿತು. ಶಿವರಾಜ.

"ಮಾಸ್ತರ್ರ, ಆರಾಮ ಅದೀರಿ? ಸುಮ್ನ ಮಾಡಿದೆ. ಮಾವಾರು ನಿಮಗ ಏನರೆ ಫೋನ್ ಮಾಡಿದ್ರೇನ್ರಿ?"

ಅವನ ದನಿಯಲ್ಲೂ ಆರಿದ ಚಹಾದ ವಾಸನೆ ಇತ್ತು; ಅವನಿಗೂ ಫೋನು ಬಂದಿರಲಿಲ್ಲ. ನಿಜ ಹೇಳಿದ್ದರೆ ಇಬ್ಬರೂ ಒಟ್ಟಿಗೆ ಹಗುರಾಗಬಹುದಿತ್ತು. "ಹೂಂ, ಈಗಷ್ಟೇ ಮಾಡಿದ್ರು. ಅರ್ಧ ತಾಸು ಮಾತಾಡಿದ್ರು ನೋಡು," ಎಂದೆ.

ಬಹಳ ದಿನಗಳ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು.

"ಹೌದೇನ್ರಿ?" ಎಂದ ಶಿವರಾಜ. "ಹಂಗಾದ್ರ ನನ್ನ ಜೋಡಿ ಮಾತಾಡಿ ಮುಗಿಸಿ ನಿಮಗ ಹಚ್ಚಿದ್ರು ಕಾಣ್ತದ. ನನ್ನ ಜೋಡಿ ಒಂದು ತಾಸು ಮಾತಾಡಿದ್ರು."

ಅವನು ಹೇಳಿದ್ದು ಹಸಿ ಸುಳ್ಳು ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಈ ಕ್ಷಣದವರೆಗೂ ಆ ಇನ್ನರ್ಧ ತಾಸು ನನ್ನ ಹೊಟ್ಟೆಯಲ್ಲಿ ಉರಿಯುತ್ತಲೇ ಇದೆ.