ಉದ್ದ ಎಂದರೆ ಎಷ್ಟು ಉದ್ದ?

ಪ್ರತಿ ಸಂದೇಶದ ನೆತ್ತಿಯ ಮೇಲೆ ಹದಿನಾರು ಬೈಟುಗಳಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಹೆಡರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಕುಂದು ಬಂದದ್ದೆಲ್ಲ ನಮಗೇ.

ಕಣ್ಣಾಸ್ಪತ್ರೆಯಲ್ಲಿ ರೋಗಿಗಳನ್ನು ಸರದಿಯಂತೆ ಕರೆಯುವ ಬೋರ್ಡಿಗಾಗಿ, ಚೀಟಿಯ ಸಂಖ್ಯೆ ಕಳುಹಿಸುವ ಪ್ರೋಗ್ರಾಮನ್ನು ನನ್ನ ಅತ್ತಿಗೆ ಬರೆದರು, ಓದುವುದನ್ನು ನಾನು ಬರೆದೆ. ಎರಡಕ್ಕೂ ಕೈಗೆಟುಕುವ ಮೆಮೊರಿಯ ಒಂದೇ ಕಪಾಟಿನಲ್ಲಿ ಅವರದು ಸಂದೇಶಗಳನ್ನು ಸಾಲಾಗಿ ಇಡಬೇಕು, ನನ್ನದು ಒಂದೊಂದಾಗಿ ಎತ್ತಿಕೊಳ್ಳಬೇಕು; ಸಂದೇಶ ಎಲ್ಲಿ ಮುಗಿಯುತ್ತದೆಂದು ಹೇಳಲು ತಮ್ಮಲ್ಲಿ ‘ಉದ್ದ’ ಎಂಬ ಮನೆಯೊಂದಿದೆ. ಆ ಉದ್ದದಲ್ಲಿ ತಾವೂ ಸೇರಿದ್ದೀರೋ ಇಲ್ಲವೋ ಎಂಬುದನ್ನು ಮಾತ್ರ ತಾವು ಬಾಯಿಬಿಡಲಿಲ್ಲ. ಎಂಥ ಗಾಂಭೀರ್ಯ! ಅತ್ತಿಗೆ ತಮ್ಮನ್ನು ಸೇರಿಸಿ ಎಣಿಸಿದರು, ನಾನು ಬಿಟ್ಟು ಎಣಿಸಿದೆ. ಹೀಗಾಗಿ ನನ್ನ ಪ್ರೋಗ್ರಾಂ ಒಂದು ಸಂದೇಶದ ಜೊತೆಗೆ ಮುಂದಿನದರ ಹೆಡರನ್ನೂ ನುಂಗಿ, ತಲೆ ಕಳೆದುಕೊಂಡ ಆ ಸಂದೇಶವನ್ನು ಕಸವೆಂದು ಎಸೆದು, ಅದರಾಚೆಯದನ್ನು ಸಕಲ ಮರ್ಯಾದೆಯೊಂದಿಗೆ ಓದಿತು. ಬೆಸಸಂಖ್ಯೆಯವರೆಲ್ಲ ಒಳಗೆ ಹೋದರು. ಸಮಸಂಖ್ಯೆಯವರು ತಮ್ಮ ಹಣೆಬರಹವೆಂದು ಕೂತಲ್ಲೇ ಕೂತರು.

ನಮ್ಮಮ್ಮನದು ನಲವತ್ತೆಂಟು. ಒಂದು ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿಸಿಕೊಳ್ಳಲೆಂದು ಬೆಳಿಗ್ಗೆ ಎಂಟಕ್ಕೇ ಬಂದು, ಇನ್ನೊಂದು ಕಣ್ಣಿನಿಂದ ಬೋರ್ಡನ್ನೇ ನೋಡುತ್ತಿದ್ದರು. ನಲವತ್ತೇಳಾಯಿತು, ನಲವತ್ತೊಂಬತ್ತಾಯಿತು. ಎದ್ದು ಹೋಗಿ ಕೇಳಬಾರದೇ ಎಂದು ಪಕ್ಕದವರು ಅಂದರೆ, “ನನ್ನ ಮಗಳು ಮಾಡಿರೋ ಬೋರ್ಡು, ಕರೆದೇ ಕರೆಯುತ್ತೆ, ಸುಮ್ಮನಿರಿ” ಅಂದರಂತೆ. ಡಾಕ್ಟರು ಮನೆಗೆ ಹೋದ ಮೇಲೂ ಕೂತಿದ್ದರು.

ಮೂರು ದಿನ ಅತ್ತಿಗೆಯ ಮೇಲೆ ಹರಿಹಾಯ್ದೆ. ಉದ್ದ ಅಂದರೆ ಒಳಗಿನ ವಿಷಯದ ಉದ್ದ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಕೂಗಾಡಿದೆ. ನಾಲ್ಕನೆಯ ದಿನ ಅವರು, ಹೆಡರಾದ ತಾವು ಹೇಗಿರತಕ್ಕದ್ದೆಂದು ಬರೆದು ನಾವು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಕಿತ್ತು ತಂದು ನನ್ನ ಮುಂದಿಟ್ಟರು. ‘ಉದ್ದ: ಹೆಡರೂ ಸೇರಿ’ ಎಂದಿತ್ತು. ಅಕ್ಷರ ನನ್ನದು.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ಯಾರಾದರೂ ತಮ್ಮನ್ನು ನುಂಗಲು ಬಂದರೆ ದಯಮಾಡಿ ಕಿರುಚಿಕೊಳ್ಳಬೇಕು. ಹಾಗೆಯೇ ಹದಿನೇಳನೆಯ ಬೈಟೊಂದನ್ನು ಬೆಳೆಸಿಕೊಂಡು, ನನ್ನ ಬಾಯಲ್ಲಿ ಹೊರಡದೆ ಉಳಿದಿರುವ ಒಂದು ಕ್ಷಮೆಯನ್ನು ಅತ್ತಿಗೆಗೆ ತಲುಪಿಸಬೇಕು.

ತಮ್ಮ ವಿಶ್ವಾಸಿ,
ನಲವತ್ತೆಂಟನೆಯ ಚೀಟಿಯವರ ಮಗಳು

ತಾ.ಕ.: ಪ್ರೋಗ್ರಾಂ ತಿದ್ದಿದ್ದೇನೆ, ನೂರು ಸಂದೇಶಗಳನ್ನು ಸಾಲಾಗಿ ಇಟ್ಟು ನೋಡಿದ್ದೇನೆ, ಒಂದೂ ತಪ್ಪಿಲ್ಲ. ಅಮ್ಮನಿಗೆ ನಾಳೆ ಮತ್ತೆ ಸರದಿ. ಅತ್ತಿಗೆ ಕೌಂಟರಿನಲ್ಲಿ ಕಾದು ನಿಂತು, ಬೆಸಸಂಖ್ಯೆಯ ಚೀಟಿಯನ್ನೇ ಕೇಳಿ ತಂದಿದ್ದಾರೆ.