ಉದ್ದ ಕೂಡಿಸು ಅಗಲ

ಊರಿನ ಕಟ್ಟಡ ಅಳತೆ ಕಚೇರಿಯು ತನ್ನ ಗುಣಾಕಾರದ ಹೊಣೆಯನ್ನು ಕಂಪ್ಯೂಟರಿಗೆ ವಹಿಸಿಕೊಟ್ಟ ದಿನ ಊರಿನಲ್ಲಿದ್ದ ಕೋಣೆಗಳೆಲ್ಲ ಚಿಕ್ಕವಾದವು. ಗೋಡೆಗಳು ಇದ್ದಲ್ಲೇ ಇದ್ದವು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಮುಂದೆ ಸಭೆಯೊಂದರಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು.

ಕಂಪ್ಯೂಟರು ಮೂಲತಃ ಮನೆಬಳಕೆಯದು. ಕಚೇರಿಯ ಮುಖ್ಯಸ್ಥರಾದ ಸಾಹೇಬರ ಅಳಿಯ ಅದನ್ನು ಆಟವಾಡಲೆಂದು ತರಿಸಿದ್ದ. ಟೀವಿಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು, ಟೇಪ್ ರೆಕಾರ್ಡರಿಗೆ ಸಿಕ್ಕಿಸಿದರೆ ಕಲಿತದ್ದನ್ನೆಲ್ಲ ಕೀಚಲು ದನಿಯಲ್ಲಿ ಕ್ಯಾಸೆಟ್ಟಿಗೆ ಹೇಳಿಕೊಳ್ಳುತ್ತಿತ್ತು. ಮಗಳ ಮನೆಯಲ್ಲಿ ಟೀವಿಗಾಗಿ ದಿನಾ ಜಗಳವಾಗುವುದನ್ನು ನೋಡಲಾರದೆ ಸಾಹೇಬರು ಯಂತ್ರವನ್ನು ಕಚೇರಿಯ ಆಧುನೀಕರಣಕ್ಕೆಂದು ಎತ್ತಿಕೊಂಡು ಬಂದರು. ಅಳಿಯನೂ ಅದರ ಹಿಂದೆಯೇ ಬಂದ.

ಅವನು ಮೂರು ದಿನ ಬಾಗಿಲು ಹಾಕಿಕೊಂಡು ಕೂತು ಬೇಸಿಕ್ ಭಾಷೆಯಲ್ಲಿ ಐದು ಸಾಲಿನ ಪ್ರೋಗ್ರಾಂ ಬರೆದ. ಹತ್ತನೆಯ ಸಾಲು ಉದ್ದ ಕೇಳುತ್ತಿತ್ತು, ಇಪ್ಪತ್ತನೆಯದು ಅಗಲ ಕೇಳುತ್ತಿತ್ತು, ಮೂವತ್ತನೆಯದು ಲೆಕ್ಕ ಹಾಕುತ್ತಿತ್ತು, ನಲವತ್ತನೆಯದು ಉತ್ತರ ತೋರಿಸುತ್ತಿತ್ತು, ಐವತ್ತನೆಯದು ಮತ್ತೆ ಹತ್ತಕ್ಕೆ ಹೋಗೆಂದು ಸಾಗಹಾಕುತ್ತಿತ್ತು. ಐದು ಸಾಲಿನ ಕೆಲಸಕ್ಕೆ ಐವತ್ತರವರೆಗೆ ನಂಬರು ಹಾಕಿ, ಕೊನೆಗೆ ಮೊದಲಿನ ಕಿಟಕಿಗೇ ವಾಪಸು ಕಳಿಸುವುದನ್ನು ಕಂಡಾಗ, ಈ ಯಂತ್ರ ಕಚೇರಿಗೆಂದೇ ಹುಟ್ಟಿದ್ದು ಎಂದು ಸಾಹೇಬರಿಗೆ ಖಾತ್ರಿಯಾಯಿತು.

ಮೂವತ್ತನೆಯ ಸಾಲಿನಲ್ಲಿ ಮಾತ್ರ ಸಣ್ಣ ತೊಡಕು ಬಂದಿತ್ತು. ಗುಂಡಿಗಳ ಸಾಲಿನಲ್ಲಿ ಎಲ್ಲಿ ಹುಡುಕಿದರೂ ಗುಣಿಸುವ ಗುರುತು ಸಿಗಲಿಲ್ಲ. ಅಳಿಯ ತಲೆ ಕೆರೆದುಕೊಂಡು ಕೂಡುವ ಗುರುತು ಒತ್ತಿದ.

"ಗುಣಿಸೋ ಗುರುತು ಸ್ವಲ್ಪ ನೆಟ್ಟಗೆ ನಿಂತ್ರೆ ಇದೇ ಅಲ್ವಾ ಮಾವ?"

"ಕಚೇರಿ ಅಂದ್ಮೇಲೆ ನೆಟ್ಟಗೇ ನಿಲ್ಬೇಕು," ಎಂದರು ಸಾಹೇಬರು.

ಯಂತ್ರವನ್ನು ವಿಧಿವತ್ತಾಗಿ ಪರೀಕ್ಷಿಸಲಾಯಿತು. ಉದ್ದ ಎರಡು, ಅಗಲ ಎರಡು ಎಂದು ಕೊಟ್ಟರು. ಉತ್ತರ ನಾಲ್ಕು ಬಂತು. ಮೂವರು ಅಧಿಕಾರಿಗಳು ಬೇರೆ ಬೇರೆಯಾಗಿ ಬೆರಳೆಣಿಸಿ ತಾಳೆ ನೋಡಿ ಸಹಿ ಹಾಕಿದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಯಿತು.

ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಊರಿನ ಕೋಣೆಗಳನ್ನು ಅಳೆಯುತ್ತಿದ್ದವನು ಟೇಪಣ್ಣ. ಅವನ ಹೆಸರು ಅದಲ್ಲ. ಸೊಂಟದಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಯಂತ್ರ ಬಂದ ಮೇಲೆ ಅವನು ಅಳೆದ ಮೊದಲ ಕೋಣೆ ಅವನ ಸ್ವಂತ ಅಕ್ಕನದು. ಅಕ್ಕ ಪೇಟೆಬೀದಿಯ ಮಹಡಿಯ ಮೇಲೆ ಹೊಲಿಗೆ ಶಾಲೆ ನಡೆಸುತ್ತಿದ್ದಳು. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಅರವತ್ತು ಮಂದಿ ಹೆಂಗಸರು. ಒಬ್ಬರಿಗೆ ಹತ್ತು ಚದರಡಿ ಜಾಗವಿರಬೇಕೆಂಬುದು ನಿಯಮ. ಲೆಕ್ಕ ಸರಿಯಾಗಿಯೇ ಇತ್ತು.

ಯಂತ್ರ ಐವತ್ತು ಎಂದಿತು. ಟೇಪಣ್ಣ ಸಾಹೇಬರ ಮುಂದೆ ಹೋಗಿ ನಿಂತ.

"ಸಾರ್, ಮೂವತ್ತಿಪ್ಪತ್ಲಿ ಆರ್ನೂರು. ಇದು ಐವತ್ತು ಅಂತಿದೆ."

"ಆರ್ನೂರು ಅಂತ ಎಲ್ಲಿ ಲೆಕ್ಕ ಹಾಕಿದ್ರಿ?"

"ಮನಸ್ಸಲ್ಲಿ ಸಾರ್."

"ನಿಮ್ಮ ಮನಸ್ಸಿಗೆ ಪ್ರಮಾಣಪತ್ರ ಇದೆಯೇನ್ರೀ?"

ಇರಲಿಲ್ಲ. ಟೇಪಣ್ಣ ತನ್ನ ಮೇಜಿಗೆ ಬಂದು, ಯಂತ್ರ ಕೂಡುತ್ತಿದೆ, ಗುಣಿಸುತ್ತಿಲ್ಲ, ದಯಮಾಡಿ ಸರಿಪಡಿಸಬೇಕು ಎಂದು ಅರ್ಜಿ ಬರೆದು ಕೊಟ್ಟ. ಮರುದಿನ ಸೂಚನಾಫಲಕದಲ್ಲಿ ಪ್ರಕಟಣೆ ಬಂತು: "ಯಂತ್ರದ ಉತ್ತರ ತಪ್ಪೆಂದು ದೂರುವವರು ಸರಿಯುತ್ತರವನ್ನು ಲಗತ್ತಿಸತಕ್ಕದ್ದು. ಸದರಿ ಸರಿಯುತ್ತರವನ್ನು ಇದೇ ಯಂತ್ರದಿಂದ ಪಡೆದಿರತಕ್ಕದ್ದು."

ಹದಿನೈದು ದಿನದೊಳಗೆ ಐದು ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಕಳಿಸಬೇಕೆಂಬ ನೋಟೀಸನ್ನು ಅಕ್ಕನಿಗೆ ಕೊಡುವ ಕೆಲಸವೂ ಟೇಪಣ್ಣನ ಪಾಲಿಗೇ ಬಂತು. ಅವನು ಅದನ್ನು ಕತ್ತರಿಯ ಕೆಳಗಿಟ್ಟು ತಲೆತಗ್ಗಿಸಿ ನಿಂತ.

"ಐವತ್ತೈದು ಜನಾನ ಎಲ್ಲಿಗೋ ಕಳಿಸ್ಲಿ?" ಎಂದಳು ಅಕ್ಕ. "ಆ ಕಿಟಕಿ ಹತ್ರ ಕೂತಿರೋಳನ್ನ ನೋಡು. ಗಂಡ ಬಿಟ್ಟು ಹೋಗಿದ್ದಾನೆ. ಇನ್ನೆರಡು ತಿಂಗಳಲ್ಲಿ ಕಾಲರ್ ಕೂರಿಸೋದು ಕಲಿತುಬಿಟ್ರೆ ಯಾರ ಮುಂದೂ ಕೈಚಾಚಬೇಕಿಲ್ಲ. ಅವಳಿಗೆ ಏನಂತ ಹೇಳ್ಲಿ, ನೀನಿರೋ ಜಾಗ ನಿನ್ನೆಯಿಂದ ಇಲ್ಲ ಅಂತಲಾ?"

ಟೇಪಣ್ಣನಿಗೆ ಅನ್ನ ಸೇರಲಿಲ್ಲ. ಹನ್ನೊಂದನೆಯ ದಿನ ಸೈಕಲ್ ಅಂಗಡಿಯ ಪಕ್ಕದ ಸಂದಿಯೊಂದನ್ನು ಅಳೆದು ಬಂದು ಯಂತ್ರದ ಮುಂದೆ ಕೂತ. ಉದ್ದ ನಲವತ್ತು, ಅಗಲ ಒಂದು. ಯಂತ್ರ ನಲವತ್ತೊಂದು ಎಂದಿತು. ಅವನು ಮೂರು ಸಲ ಕೊಟ್ಟ. ಮೂರು ಸಲವೂ ಒಂದು ಚದರಡಿ ಹೆಚ್ಚಿಗೆ ಬಂತು. ಟೇಪಣ್ಣ ಚಪ್ಪಲಿಯನ್ನೂ ಮರೆತು ಪೇಟೆಬೀದಿಗೆ ಓಡಿದ.

"ಅಂದ್ರೆ, ಅಗಲ ಒಂದಡಿ ಇದ್ರೆ ಆ ಯಂತ್ರದ ಕೈ ಧಾರಾಳ ಆಗುತ್ತೆ ಅನ್ನು," ಎಂದಳು ಅಕ್ಕ. ಸ್ವಲ್ಪ ಹೊತ್ತು ಕೋಣೆಯನ್ನೇ ನೋಡಿದಳು. "ನಿಮ್ಮ ರೂಲ್ಸಲ್ಲಿ ಗೋಡೆ ಅಂದ್ರೆ ಏನೋ?"

ಟೇಪಣ್ಣನಿಗೆ ಅದು ಬಾಯಿಪಾಠ. "ಒಂದು ಕೋಣೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಯಾವುದೇ ವಸ್ತು."

ಅಕ್ಕ ದಾರದ ಉಂಡೆ ಎತ್ತಿಕೊಂಡಳು.

ಸಂಜೆಯೊಳಗೆ ಹತ್ತೊಂಬತ್ತು ದಾರಗಳು ಬಿಗಿದವು, ಇಪ್ಪತ್ತು ಕೋಣೆಗಳಾದವು. ಒಂದೊಂದೂ ಒಂದಡಿ ಅಗಲ, ಮೂವತ್ತಡಿ ಉದ್ದ. ಯಂತ್ರ ಒಂದೊಂದಕ್ಕೂ ಮೂವತ್ತೊಂದು ಕೊಟ್ಟಿತು. ಒಟ್ಟು ಆರುನೂರ ಇಪ್ಪತ್ತು. ಅರವತ್ತೆರಡು ಜನಕ್ಕೆ ಪರವಾನಗಿ ಸಿಕ್ಕಿತು. ಬಹಳ ದಿನದಿಂದ ಜಾಗವಿಲ್ಲದೆ ಕಾಯುತ್ತಿದ್ದ ಅತ್ತೆ ಸೊಸೆಯರನ್ನು ಅಕ್ಕ ಆ ವಾರವೇ ಸೇರಿಸಿಕೊಂಡಳು. ಅವರಿಗೆ ಅಕ್ಕಪಕ್ಕದ ಕೋಣೆಗಳು ದೊರೆತವು. ನಡುವೆ ಗೋಡೆ ಬಂದ ಮೇಲೆ ಇಬ್ಬರಲ್ಲೂ ಹೊಂದಾಣಿಕೆ ಹೆಚ್ಚಿತೆಂದು ನೆರೆಯವರು ಹೇಳಿದರು. ಒಂದು ಹೊಲಿಗೆ ಯಂತ್ರದ ಸೂಜಿ ಏಳನೆಯ ಕೋಣೆಯಲ್ಲಿತ್ತು, ಚಕ್ರ ಎಂಟನೆಯದರಲ್ಲಿ.

ಸಾಹೇಬರು ಖುದ್ದಾಗಿ ತಪಾಸಣೆಗೆ ಬಂದರು. ಅವರ ಮೈಕಟ್ಟಿನಿಂದಾಗಿ ಹನ್ನೊಂದು, ಹನ್ನೆರಡು, ಹದಿಮೂರನೆಯ ಕೋಣೆಗಳನ್ನು ಏಕಕಾಲಕ್ಕೆ ಪ್ರವೇಶಿಸಿದರು. ವರದಿಯಲ್ಲಿ ಅದನ್ನು ಕಾರ್ಯದಕ್ಷತೆ ಎಂದು ದಾಖಲಿಸಲಾಯಿತು.

ಸುದ್ದಿ ಹರಡಿತು. ಕ್ಷೌರದಂಗಡಿಯವನು ದಾರ ಕಟ್ಟಿದ. ದಂತವೈದ್ಯರು ಕಟ್ಟಿದರು, ರೋಗಿ ಒಂದು ಕೋಣೆಯಲ್ಲಿ ಬಾಯಿ ತೆರೆದರೆ ಡಾಕ್ಟರು ಇನ್ನೊಂದರಿಂದ ಕೈ ಹಾಕುತ್ತಿದ್ದರು. ಹೊಸದಾಗಿ ಮನೆ ಕಟ್ಟುವವರು ಇಟ್ಟಿಗೆಯಲ್ಲೇ ಒಂದೊಂದಡಿಯ ಕೋಣೆಗಳನ್ನು ಎಬ್ಬಿಸಿ, ಅಡ್ಡಡ್ಡ ನಡೆಯುವುದನ್ನು ರೂಢಿ ಮಾಡಿಕೊಂಡರು. ಒಂದಿಂಚೂ ನೆಲ ಸೇರಿಸಿಕೊಳ್ಳದೆ ಊರನ್ನು ವಿಸ್ತರಿಸಿದ್ದಕ್ಕಾಗಿ ಸಾಹೇಬರಿಗೆ ಸನ್ಮಾನವಾಯಿತು.

ಹೀಗೆ ಎಲ್ಲವೂ ಸುಸೂತ್ರವಾಗಿದ್ದಾಗ ಅಳಿಯನಿಗೆ ಯಂತ್ರದ ಕೈಪಿಡಿ ಸಿಕ್ಕಿಬಿಟ್ಟಿತು. ಅವನು ಪ್ರಾಮಾಣಿಕ. ಊರವರಿಂದ ತುಂಬಿದ ಕಚೇರಿಯ ಸಭೆಯಲ್ಲಿ ಎದ್ದು ನಿಂತ.

"ಮಾವ, ಗುಂಡಿಗಳಲ್ಲಿ ಒಂದು ನಕ್ಷತ್ರ ಇದೆ. ಅಲಂಕಾರಕ್ಕಿಟ್ಟಿದ್ದಾರೆ ಅಂದ್ಕೊಂಡಿದ್ದೆ. ಗುಣಿಸೋದು ಅದರಿಂದಲೇ ಅಂತೆ. ಮೂವತ್ತನೇ ಸಾಲಲ್ಲಿ ಅದನ್ನ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ."

ದಂತವೈದ್ಯರು ತಮ್ಮ ಹಲ್ಲನ್ನೇ ಕಡಿದರು. ಸಾಹೇಬರು ಕಡತ ಬಿಡಿಸಿ, "ಟೇಪಣ್ಣ, ಇದನ್ನ ಸರಿಪಡಿಸಿ ಅಂತ ಅರ್ಜಿ ಕೊಟ್ಟಿರೋರು ಇಡೀ ಊರಲ್ಲಿ ನೀವೊಬ್ಬರೇ. ಏನಂತೀರಿ?" ಎಂದರು.

ಟೇಪಣ್ಣ ಎದ್ದ. ಇಪ್ಪತ್ತಾರು ವರ್ಷ ಅವನು ಒಂದಂಗುಲದಷ್ಟೂ ಸುಳ್ಳು ಹೇಳಿದವನಲ್ಲ. ಹಿಂದಿನ ಸಾಲಿನಲ್ಲಿ ಅಕ್ಕ ಕೂತಿದ್ದಳು, ಅವಳ ಪಕ್ಕದಲ್ಲಿ ಅತ್ತೆ ಸೊಸೆಯರು. ನಕ್ಷತ್ರ ಬಂದರೆ ಆರುನೂರ ಇಪ್ಪತ್ತು ಮತ್ತೆ ಆರುನೂರಾಗುತ್ತದೆ. ಇಬ್ಬರು ಎದ್ದು ಹೋಗಬೇಕಾಗುತ್ತದೆ. ಸೊಸೆ ಆಗಲೇ ತನ್ನ ಚೀಲಕ್ಕೆ ಕೈ ಹಾಕಿದ್ದಳು. ಟೇಪಣ್ಣ ಎರಡು ಸಲ ಕೆಮ್ಮಿದ.

"ಸಾರ್," ಎಂದ, "ನಕ್ಷತ್ರ ಆಕಾಶಕ್ಕೆ ಸೇರಿದ್ದು. ನಮ್ಮ ಕಚೇರಿ ವ್ಯಾಪ್ತಿಗೆ ಬರೋದು ನೆಲ ಮಾತ್ರ."

ಆಮೇಲೆ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ಅಕ್ಕ ತಮ್ಮನನ್ನು ನೋಡಿ ಕಣ್ಣೊರೆಸಿಕೊಂಡಳು. ಅಳಿಯ ಕೂಡ ತಾನು ಈ ದೃಷ್ಟಿಯಿಂದ ಯೋಚಿಸಿರಲಿಲ್ಲವೆಂದು ಒಪ್ಪಿಕೊಂಡ.

ನಿರ್ಣಯದಂತೆ ನಕ್ಷತ್ರದ ಗುಂಡಿಯನ್ನು ಇಕ್ಕಳದಿಂದ ಕಿತ್ತು, ಹತ್ತಿಯಲ್ಲಿ ಸುತ್ತಿ, ಮುಂದಿನ ಸೂಕ್ತ ಕ್ರಮಕ್ಕಾಗಿ ಹವಾಮಾನ ಇಲಾಖೆಗೆ ರವಾನಿಸಲಾಯಿತು. ನಾಲ್ಕನೆಯ ದಿನ ಅಲ್ಲಿಂದ ಸ್ವೀಕೃತಿ ಬಂತು: "ತಾವು ಕಳುಹಿಸಿದ ನಕ್ಷತ್ರ ಒಂದು, ಸುಸ್ಥಿತಿಯಲ್ಲಿ ತಲುಪಿದೆ. ಉಳಿದವನ್ನೂ ಶೀಘ್ರವಾಗಿ ಕಳುಹಿಸಿಕೊಡತಕ್ಕದ್ದು."